ಕತ್ತರಿಯ ಕಣ್ಣು ತಪ್ಪಿದ ಕುಣಿಕೆ

ಆರ್ಡಿತ್ ಹ್ಯಾಸ್ಕಿನ್ ತನ್ನ ಜೀವಮಾನದಲ್ಲಿ ವಿಮಾನದಿಂದ ಹಾರಿದ್ದು ಹನ್ನೊಂದೇ ಸಲ. ಹನ್ನೊಂದನೆಯ ಸಲ ನೆಲ ಮುಟ್ಟಿದ ಮೇಲೆ, ಇನ್ನು ಸಾಕು, ಹೊಟ್ಟೆ ತೊಳಸುತ್ತದೆ ಎಂದು ಹೇಳಿ ಹೊಲಿಗೆ ಯಂತ್ರದ ಮುಂದೆ ಕೂತವಳು ಮೂವತ್ತನಾಲ್ಕು ವರ್ಷ ಅಲ್ಲಿಂದ ಏಳಲಿಲ್ಲ. ಅರಿಜೋನಾದ ಹತ್ತಿಹೊಲಗಳ ನಡುವಿನ ಆ ಮೈದಾನದಲ್ಲಿ ಅಷ್ಟು ವರ್ಷ ಆಕಾಶದಿಂದ ಬಿದ್ದವರೆಲ್ಲ ಅವಳ ಕೈಯನ್ನು ನಂಬಿಕೊಂಡೇ ಬಿದ್ದರು. ಹಾರುವವರು ಬಹಳ ಧೈರ್ಯವಂತರೆಂದು ಊರಿನವರು ಬೆರಗಾಗುತ್ತಾರೆ. ಅದರಲ್ಲಿ ಅರ್ಧ ಧೈರ್ಯವಾದರೂ ಇಂಥ ಒಬ್ಬ ಹೆಂಗಸಿನ ಕೋಣೆಯಲ್ಲಿ ತಯಾರಾದದ್ದು ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಹಾರುವವನ ಬೆನ್ನುಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ಮೊದಲನೆಯದನ್ನು ಅವನೇ ಮಡಚಿಕೊಳ್ಳುತ್ತಾನೆ. ಶೆಡ್ಡಿನ ನೆಲದ ಮೇಲೆ ಹರವಿಕೊಂಡು, ಚೂಯಿಂಗ್ ಗಮ್ ಅಗಿಯುತ್ತ, ಪಕ್ಕದವನ ಪ್ರೇಮ ಪ್ರಕರಣ ಕೇಳುತ್ತ ಹತ್ತು ನಿಮಿಷದಲ್ಲಿ ತುರುಕಿಬಿಡುತ್ತಾನೆ. ಎರಡನೆಯದು ಮೀಸಲು. ಮೊದಲನೆಯದು ಕೈಕೊಟ್ಟ ದಿನ ಇರುವುದು ಅದೊಂದೇ. ಅದನ್ನು ಪರೀಕ್ಷೆ ಪಾಸು ಮಾಡಿ ಸರ್ಕಾರದ ಪತ್ರ ಪಡೆದವರು ಮಾತ್ರ ಮಡಚಬೇಕು. ನೂರೆಂಬತ್ತು ದಿನಕ್ಕೊಮ್ಮೆ ಬಿಚ್ಚಿ, ಗಾಳಿಗೆ ಹಾಕಿ, ಬಟ್ಟೆ ಹೊಲಿಗೆ ದಾರ ಎಲ್ಲ ನೋಡಿ, ಮತ್ತೆ ಮಡಚಿ, ಚೀಲ ಮುಚ್ಚುವ ಪಿನ್ನಿಗೆ ಕೆಂಪು ನೂಲು ಸುತ್ತಿ ಸೀಸದ ಮುದ್ರೆ ಒತ್ತಿ, ಚೀಲದ ಜೇಬಿನಲ್ಲಿರುವ ಕಾರ್ಡಿನಲ್ಲಿ ಸಹಿ ಹಾಕಬೇಕು. ತಮ್ಮ ಮೀಸಲು ಪ್ಯಾರಾಚೂಟಿನ ಬಣ್ಣ ಯಾವುದೆಂದೇ ನೋಡದೆ ವಯಸ್ಸಾಗಿ ಮನೆ ಸೇರಿದವರಿದ್ದಾರೆ. ನೋಡಬೇಕಾಗಿ ಬಂದವರು ಮಾತ್ರ ಇಳಿದ ತಕ್ಷಣ ಪೇಟೆಗೆ ಹೋಗಿ, ಅದನ್ನು ಮಡಚಿದವರಿಗೆ ಒಂದು ಬಾಟಲಿ ಒಳ್ಳೆಯ ಮದ್ಯ ತಂದುಕೊಡುವುದು ಅಲ್ಲಿನ ಪದ್ಧತಿ. ಆರ್ಡಿತ್ ಕುಡಿಯುತ್ತಿರಲಿಲ್ಲ. ಬಾಟಲಿಗಳನ್ನೆಲ್ಲ ಗಂಡ ವೆಂಡೆಲ್ ಖಾಲಿ ಮಾಡುತ್ತಿದ್ದ, ಜೀವ ಉಳಿಸಿದವಳು ನೀನು, ಕಷ್ಟಪಡುವವನು ನಾನು ಎನ್ನುತ್ತಿದ್ದ.

ವೆಂಡೆಲ್ ಕುಳ್ಳ, ಮಾತಿನ ಮಲ್ಲ. ಆರು ಸಾವಿರ ಸಲ ಹಾರಿದವನಿಗೆ ಒಂದು ಉಗುರೂ ಮುರಿದಿರಲಿಲ್ಲ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ಕೂತು ಬೇಸ್‌ಬಾಲ್ ನೋಡುತ್ತಿದ್ದಾಗ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅವರಿಗೆ ಮಕ್ಕಳಿರಲಿಲ್ಲ. ಆಮೇಲೆ ಆರ್ಡಿತ್ ಕೋಣೆಯ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡತೊಡಗಿದಳು. ಮೊದಲೂ ಮುಚ್ಚಿಯೇ ಮಾಡುತ್ತಿದ್ದಳು ಅನ್ನಿ. ಮೀಸಲು ಮಡಚುವಾಗ ರೇಡಿಯೋ ಇಲ್ಲ, ಫೋನು ಇಲ್ಲ, ಮಾತಂತೂ ಇಲ್ಲವೇ ಇಲ್ಲ. ವೆಂಡೆಲ್ ಸಹ ಬಾಗಿಲು ತಟ್ಟಿ ಕಾಯಬೇಕಿತ್ತು. ಆದರೆ ಈಗ ಬಾಗಿಲು ತೆರೆದ ಮೇಲೂ ಆಚೆ ಯಾರೂ ಇರುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಕೊರಿನ್ ಬಂದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಹತ್ತಿರದ ಊರಿನ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸ. ಹಾರುವುದನ್ನು ಆಗಷ್ಟೇ ಕಲಿತಿದ್ದಳು. ಹೊಸ ಚೀಲ ಕೊಳ್ಳುವ ಶಕ್ತಿ ಇಲ್ಲದವರೆಲ್ಲ ಮಾಡುವಂತೆ ಇಂಟರ್ನೆಟ್ಟಿನಲ್ಲಿ ಯಾರದೋ ಹಳೆಯ ಚೀಲದ ಫೋಟೋ ನೋಡಿ ಮನಸೋತು ತರಿಸಿಕೊಂಡಿದ್ದಳು. ಕಪ್ಪು ಬಟ್ಟೆ, ಗುಲಾಬಿ ಅಂಚು. ಅದನ್ನು ಮದುವೆ ಸೀರೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಮೇಜಿನ ಮೇಲಿಟ್ಟಳು.

ಆರ್ಡಿತ್ ಬಣ್ಣದ ಕಡೆ ನೋಡಲೇ ಇಲ್ಲ. ಮೊದಲು ಮೂಸಿದಳು. ಆಮೇಲೆ ದಾರಗಳನ್ನು ಕೊಕ್ಕೆಗೆ ಸಿಕ್ಕಿಸಿ ಎಳೆದು ಅಳತೆ ಹಿಡಿದಳು. ಸಾವಿರ ಸಲ ಬಿಚ್ಚಿದ ಪ್ಯಾರಾಚೂಟಿನ ದಾರ ಉಜ್ಜಿದ ಕಾವಿಗೆ ಕುಗ್ಗುತ್ತದೆ, ಎರಡೂ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಎಡಗಡೆಯ ಬ್ರೇಕಿನ ದಾರ ನಾಲ್ಕು ಬೆರಳು ಗಿಡ್ಡವಾಗಿತ್ತು. ದೊಡ್ಡದನ್ನು ಚೀಲದಿಂದ ಹೊರಗೆಳೆಯಲು ಮೊದಲು ಗಾಳಿಗೆ ಎಸೆಯುವ ಪುಟ್ಟ ಪ್ಯಾರಾಚೂಟಿನ ನಡುದಾರವೂ ಕುಗ್ಗಿ, ಅದು ಅರ್ಧವೇ ಅರಳುವಂತಾಗಿತ್ತು. ಇದೇನೂ ಫೋಟೋದಲ್ಲಿ ಕಾಣುವುದಿಲ್ಲ. ವಾಪಸು ಕಳಿಸು ಎಂದಳು. ಕೊರಿನ್ ಎರಡನೆಯದನ್ನು ತಂದಳು. ಅದರ ಮೀಸಲು ಪ್ಯಾರಾಚೂಟಿನ ಬಟ್ಟೆಗೆ ಎರಡು ಕ್ಲಿಪ್ಪು ಕಚ್ಚಿಸಿ, ಬಲ ನೋಡಲು ಸ್ಪ್ರಿಂಗ್ ತಕ್ಕಡಿಯಿಂದ ಎಳೆದಾಗ ಕಾಗದದಂತೆ ಪರ್ ಎಂದು ಹರಿದು ಬಂತು. ಮೂರನೆಯದರಲ್ಲಿ ಎಲ್ಲವೂ ಸರಿ ಇತ್ತು, ಆದರೆ ಪಟ್ಟಿಗಳು ಆರಡಿಯ ಗಂಡಸಿಗೆ ಹೊಲಿದವು.

“ಇದನ್ನ ಹಾಕ್ಕೊಂಡು ಹಾರಿದ್ರೆ ಚೀಲ ಕ್ಷೇಮವಾಗಿ ಇಳಿಯುತ್ತೆ ಕಣೇ,” ಎಂದಳು ಆರ್ಡಿತ್. “ನೀನು ಮಾತ್ರ ಮಧ್ಯದಲ್ಲೇ ಜಾರಿ ಇಳಿದಿರ್ತೀಯ.”

ಹುಡುಗಿ ನಗಲಿಲ್ಲ. ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟಳು. ಅಮ್ಮ ತೀರಿಕೊಂಡು ಮೂರು ವರ್ಷವಾಯಿತೆಂದೂ, ಅಪ್ಪ ಎಲ್ಲಿದ್ದಾನೋ ಗೊತ್ತಿಲ್ಲವೆಂದೂ, ಮೇಲಿಂದ ಬೀಳುವ ಆ ಒಂದು ನಿಮಿಷ ಬಿಟ್ಟರೆ ತನಗೆ ಹಗುರ ಅನ್ನಿಸುವ ಹೊತ್ತೇ ಇಲ್ಲವೆಂದೂ ಹೇಳಿದಳು. ಆರ್ಡಿತ್‌ಗೆ ಸಮಾಧಾನ ಮಾಡುವುದು ಬರುತ್ತಿರಲಿಲ್ಲ. ಎದ್ದು ಹೋಗಿ ಬೀರುವಿನಿಂದ ವೆಂಡೆಲ್‌ನ ಚೀಲ ತೆಗೆದು ತಂದಳು. ಕುಳ್ಳನ ಚೀಲ ಕುಳ್ಳಿಗೆ ಸುಮಾರಾಗಿ ಕೂತಿತು. ಒಂದು ವಾರ ಕೂತು ಪಟ್ಟಿಗಳನ್ನು ಬಿಚ್ಚಿ ಅವಳ ಅಳತೆಗೆ ಮತ್ತೆ ಹೊಲಿದಳು, ಪ್ರತಿ ದಾರ ಬದಲಾಯಿಸಿದಳು, ಮೀಸಲನ್ನು ಬಿಚ್ಚಿ ಎರಡು ದಿನ ನೋಡಿದಳು. ಗಂಡ ಸತ್ತ ಮೇಲೆ ಅವಳು ಕೆಲಸ ಮಾಡುತ್ತ ಹಾಡು ಗುನುಗಿದ್ದು ಆ ವಾರವೇ ಮೊದಲು.

ಕೊರಿನ್ ಆಮೇಲೆ ಹೋಗಲೇ ಇಲ್ಲ ಅಂದರೂ ಸರಿಯೇ. ಶನಿವಾರ ಹಾರಲು ಬಂದವಳು ಭಾನುವಾರ ಆರ್ಡಿತ್‌ಳ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಅವಳ ಕಾರಿನ ಎಣ್ಣೆ ಬದಲಾಯಿಸುವುದು, ಹಲ್ಲಿನ ಡಾಕ್ಟರ ಹತ್ತಿರ ಬೈದು ಕರೆದುಕೊಂಡು ಹೋಗುವುದು, ಜ್ವರ ಬಂದರೆ ಕೋಳಿ ಸಾರು ಹಿಡಿದುಕೊಂಡು ಇಪ್ಪತ್ತು ಮೈಲಿ ಹೋಗುವುದು, ಎಲ್ಲವನ್ನೂ ಆರ್ಡಿತ್ ಮಾಡತೊಡಗಿದಳು. ಅರವತ್ತರ ಮೇಲೆ ಬಂದ ಮಗಳು. ಆರ್ಡಿತ್ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಆ ಹುಡುಗಿ ಹಾರುವ ದಿನ ಕೆಲಸ ಬಿಟ್ಟು ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಪ್ಯಾರಾಚೂಟ್ ಬಿಚ್ಚಿಕೊಳ್ಳುವ ತನಕ ನಿಲ್ಲುತ್ತಿದ್ದಳು. ಆಗ ಅಲ್ಲಿ ಹಾರಲು ಬರುತ್ತಿದ್ದ ನಾವು ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ.

ಬಾಗಿಲಿನ ನಿಯಮ ಸಡಿಲವಾದದ್ದೂ ಕೊರಿನ್‌ಗಾಗಿಯೇ. ಮೊದಮೊದಲು ಆಚೆ ಕಾಯುತ್ತಿದ್ದಳು. ಆಮೇಲೆ ಸುಮ್ಮನಿರುತ್ತೇನೆ ಎಂದು ಹೇಳಿ ಒಳಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಳು. ಸುಮ್ಮನಿರುವುದು ಆ ಬಾಯಿಗೆ ಎಲ್ಲಿಂದ ಬರಬೇಕು? ಹೋಟೆಲಿಗೆ ಬಂದವರ ಅಣಕ, ಹೊಸ ಹುಡುಗನ ಸುದ್ದಿ, ಎಲ್ಲ ಆ ಸ್ಟೂಲಿನ ಮೇಲಿಂದಲೇ. ಆರ್ಡಿತ್ ಒಮ್ಮೊಮ್ಮೆ ಗದರುತ್ತಿದ್ದಳು. ಕೊರಿನ್ ಎರಡು ನಿಮಿಷ ಬಾಯಿ ಮುಚ್ಚಿದರೆ, ಏನಾಯ್ತೇ ಆಮೇಲೆ ಎಂದು ಇವಳೇ ಕೇಳುತ್ತಿದ್ದಳು.

ಈಗ ಒಂದು ಯಂತ್ರದ ವಿಷಯ ಹೇಳಬೇಕು. ಸಿಗರೇಟು ಪ್ಯಾಕಿನಷ್ಟು ದೊಡ್ಡದು, ಮೀಸಲಿನ ಜೊತೆಗೇ ಚೀಲದೊಳಗೆ ಇರುತ್ತದೆ. ಹಾರುವವನಿಗೆ ಪ್ರಜ್ಞೆ ತಪ್ಪಿ, ಕೈ ಎತ್ತಲಾಗದೆ ಬೀಳುತ್ತಲೇ ಇದ್ದಾನೆ ಅನ್ನಿ. ನೆಲ ಏಳೆಂಟುನೂರು ಅಡಿ ಇದೆ ಎನ್ನುವಾಗ ಆ ಯಂತ್ರ ತಾನಾಗಿ ಒಂದು ಪುಟ್ಟ ಕತ್ತರಿಯನ್ನು ಆಡಿಸುತ್ತದೆ. ಮೀಸಲಿನ ಚೀಲವನ್ನು ಮುಚ್ಚಿಟ್ಟಿರುವುದು ಒಂದು ದಾರದ ಕುಣಿಕೆ, ಅದರಲ್ಲಿ ಸಿಕ್ಕಿಸಿದ ಒಂದು ಪಿನ್. ಎಚ್ಚರ ಇರುವವನು ಹಿಡಿಕೆ ಎಳೆದು ಆ ಪಿನ್ ಕಿತ್ತು ತಾನೇ ಮೀಸಲನ್ನು ಬಿಚ್ಚಿಕೊಳ್ಳುತ್ತಾನೆ. ಆ ಕುಣಿಕೆ ಕತ್ತರಿಯ ಕಣ್ಣಿನೊಳಗೆ, ಅಂದರೆ ಅದರ ಸಣ್ಣ ತೂತಿನೊಳಗೆ, ಹಾದು ಮೇಲೆ ಬಂದಿರಬೇಕು. ಹಾದಿದ್ದರೆ ಕುಣಿಕೆ ಕತ್ತರಿಸಿ ಮೀಸಲು ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಹೋಗಿದ್ದರೆ ಕತ್ತರಿ ಗಾಳಿಯನ್ನು ಕತ್ತರಿಸುತ್ತದೆ, ಅಷ್ಟೇ. ಒಮ್ಮೆ ಮುಚ್ಚಿ ಮುದ್ರೆ ಹಾಕಿದ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ.

ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಆರ್ಡಿತ್ ಕೊರಿನ್‌ಳ ಚೀಲವನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ನೂರೆಂಬತ್ತು ದಿನ ತುಂಬಿತ್ತು. ಕೊರಿನ್ ಕೆಲಸಕ್ಕೆ ಹೋಗಿದ್ದಳು. ಮುದ್ರೆ ಒಡೆದು ಪಿನ್ ಎಳೆದಳು, ಮುಚ್ಚಳದ ಮಡಿಕೆಗಳು ಒಂದೊಂದಾಗಿ ತೆರೆದುಕೊಂಡವು. ಮೀಸಲನ್ನು ಎತ್ತಿ ಪಕ್ಕಕ್ಕಿಟ್ಟು ಒಳಗೆ ನೋಡಿದಳು. ಕತ್ತರಿಯ ಕಣ್ಣು ಖಾಲಿ ಇತ್ತು. ಕುಣಿಕೆ ಅದರ ಪಕ್ಕದಿಂದ ಮೇಲೆ ಬಂದಿತ್ತು.

ಬಿಚ್ಚುವಾಗ ಜಾರಿತೇನೋ ಎಂದುಕೊಂಡಳು. ಹಾಗೆ ಜಾರುವುದು ಸಾಧ್ಯವೇ ಇಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೇಬಿನಿಂದ ಕಾರ್ಡು ತೆಗೆದಳು. ನವೆಂಬರ್ ಒಂಬತ್ತು. ಅವಳದೇ ಅಕ್ಷರ, ಅವಳದೇ ಸಹಿ.

ಆ ದಿನ ಅವಳಿಗೆ ಮರೆತಿರಲಿಲ್ಲ, ಸಾಯುವ ತನಕ ಮರೆಯುವ ದಿನವೂ ಅಲ್ಲ. ಮೀಸಲನ್ನು ಮಡಚಿ ಚೀಲದೊಳಗೆ ಇಡುವ ಹೊತ್ತಿಗೆ ಸ್ಟೂಲಿನ ಮೇಲಿದ್ದ ಕೊರಿನ್ ತನಗೆ ಮದುವೆ ನಿಶ್ಚಯವಾಯಿತೆಂದು ಹೇಳಿದ್ದಳು. ಆಮೇಲೆ ದನಿ ತಗ್ಗಿಸಿ, “ಮದುವೆ ದಿನ ಅಮ್ಮನ ಜಾಗದಲ್ಲಿ ನೀನು ಕೂತ್ಕೋಬೇಕು ಆರ್ಡಿತ್. ನಂಗೆ ಬೇರೆ ಯಾರೂ ಬೇಡ,” ಎಂದಿದ್ದಳು. ಆರ್ಡಿತ್ ಕೈಲಿದ್ದದ್ದನ್ನು ಅಲ್ಲಿಯೇ ಬಿಟ್ಟು ಹೋಗಿ ಅವಳನ್ನು ಅಪ್ಪಿಕೊಂಡಿದ್ದಳು. ಇಬ್ಬರೂ ಅತ್ತರು, ನಕ್ಕರು, ಕಾಫಿ ಕುಡಿದರು. ಆಮೇಲೆ ಮೂಗೊರೆಸಿಕೊಂಡು ಬಂದು, ಮಂಜು ಕಣ್ಣಲ್ಲೇ ಕುಣಿಕೆಯನ್ನು ಮೇಲೆಳೆದು ಮುಚ್ಚಿದಳು. ಯಾವುದೂ ಚೀಲದೊಳಗೆ ಉಳಿದಿಲ್ಲವೆಂದು ಉಪಕರಣಗಳನ್ನು ಎಣಿಸಿದಳು, ಎಲ್ಲ ಸರಿ ಇದ್ದವು. ಮುದ್ರೆ ಒತ್ತುವಾಗ ಸಹ ಅವಳ ಮನಸ್ಸಿನಲ್ಲಿದ್ದದ್ದು ಅಮ್ಮನ ಜಾಗಕ್ಕೆ ಯಾವ ಬಣ್ಣದ ಉಡುಪು ಹಾಕಿಕೊಳ್ಳುವುದು ಎಂಬ ಯೋಚನೆ.

ಅದಾಗಿ ನೂರ ಹನ್ನೆರಡು ಸಲ ಹುಡುಗಿ ಅದೇ ಚೀಲ ಹೊತ್ತು ಹಾರಿದ್ದಳು. ಮಾರ್ಚಿನಲ್ಲಿ ಎಂಟು ಜನ ಕೈಕೈ ಹಿಡಿದು ಬೀಳುವಾಗ ಒಬ್ಬನ ಮೊಣಕಾಲು ಅವಳ ತಲೆಗೆ ಬಡಿದು, ಕೆಲವು ಕ್ಷಣ ಪ್ರಜ್ಞೆ ಹೋಗಿ ಬಟ್ಟೆಯ ಗೊಂಬೆಯಂತೆ ಉರುಳುತ್ತ ಬಿದ್ದಿದ್ದಳು. ತಾನಾಗಿಯೇ ಎಚ್ಚರವಾಗಿ ಮೊದಲನೆಯ ಪ್ಯಾರಾಚೂಟನ್ನು ಬಿಚ್ಚಿಕೊಂಡಳು. ಯಾರಿಗೆ ಏನೇ ಮೊದಲ ಸಲ ಆದರೂ ಅವರು ಎಲ್ಲರಿಗೂ ಬಿಯರ್ ಕೊಡಿಸುವುದು ಅಲ್ಲಿನ ರೂಢಿ. ಮೊದಲ ಸಲ ಮೂರ್ಛೆ ಹೋದದ್ದಕ್ಕೆ ಅಂತ ಅವಳೂ ಕೊಡಿಸಿದಳು, ನಾವೂ ಹಲ್ಲು ಕಿಸಿದುಕೊಂಡು ಕುಡಿದೆವು. ಎಚ್ಚರವಾಗದಿದ್ದರೂ ಯಂತ್ರ ಇತ್ತಲ್ಲ ಎಂದು ಅವತ್ತು ಎಲ್ಲರಿಗಿಂತ ಮೊದಲು ಹೇಳಿದವಳು ಆರ್ಡಿತ್.

ಅದೇ ಚೀಲ ಅವಳೆದುರು ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಕುಣಿಕೆಯನ್ನು ಈಗ ಸರಿಯಾಗಿ ಹಾಯಿಸಿ ಮುಚ್ಚಿದರೆ ಮುಗಿಯಿತು. ನೋಡಿದವರು ಯಾರೂ ಇಲ್ಲ, ಇನ್ನು ಮುಂದೆ ತಿಳಿಯುವ ದಾರಿಯೂ ಇಲ್ಲ. ಹುಡುಗಿ ಬದುಕಿದ್ದಾಳೆ, ಅಕ್ಟೋಬರಿನಲ್ಲಿ ಮದುವೆ. ಹೇಳಿದರೆ ಕಳೆದುಕೊಳ್ಳುವುದು ಏನೆಂದು ಆರ್ಡಿತ್‌ಗೆ ಸ್ಪಷ್ಟವಾಗಿ ಕಂಡಿತು. ಕೆಲಸ ಹೋದರೆ ಹೋಗಲಿ, ಅದು ಒಂದಲ್ಲ ಒಂದು ದಿನ ಹೋಗುವುದೇ. ಹುಡುಗಿ ಹೋದರೆ ಅವಳಿಗೆ ಉಳಿಯುವುದೇನೂ ಇರಲಿಲ್ಲ. ಮೂರು ಸಲ ಕುಣಿಕೆಯನ್ನು ಕೈಗೆ ತೆಗೆದುಕೊಂಡಳು, ಮೂರು ಸಲ ಬಿಟ್ಟಳು. ಆಮೇಲೆ ಏನನ್ನೂ ಮುಟ್ಟದೆ ಹೋಟೆಲಿಗೆ ಫೋನು ಮಾಡಿ, ಕೆಲಸ ಮುಗಿಸಿಕೊಂಡು ಇತ್ತ ಬಾ ಎಂದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಕೊರಿನ್ ಏಪ್ರನ್ ಸಹ ಬಿಚ್ಚದೆ ಬಂದಳು. ಆರ್ಡಿತ್ ಪೀಠಿಕೆ ಹಾಕಲಿಲ್ಲ. ಖಾಲಿ ಕಣ್ಣನ್ನು ಬೆರಳಿಟ್ಟು ತೋರಿಸಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಹುಡುಗಿ ಮೊದಲು ನಕ್ಕಳು.

“ಅಯ್ಯೋ, ಇದಕ್ಕಾ ಇಷ್ಟೊಂದು ಮುಖ ಇಳಿಬಿಟ್ಕೊಂಡಿರೋದು? ಏನೂ ಆಗ್ಲಿಲ್ವಲ್ಲ. ಕೈಯಲ್ಲಿ ಎಳೆದಿದ್ರೆ ಹೇಗೂ ಬಿಚ್ಕೊಳ್ತಿತ್ತು.”

“ಬಿಚ್ಕೊಳ್ತಿತ್ತು. ಎಳೆಯೋಕೆ ಎಚ್ಚರ ಇರ್ಬೇಕಲ್ವಾ?” ಎಂದಳು ಆರ್ಡಿತ್.

ಕೊರಿನ್‌ಳ ನಗು ಮುಖದ ಮೇಲೆ ಅರ್ಧಕ್ಕೇ ನಿಂತಿತು. “ಮಾರ್ಚ್‌ನಲ್ಲಿ,” ಎಂದಳು.

“ಹೂಂ.”

“ಮಾರ್ಚ್‌ನಲ್ಲಿ ಹಿಂಗೇ ಇತ್ತಾ?”

“ಹಿಂಗೇ ಇತ್ತು. ತಪ್ಪು ನಂದು. ನಿನ್ನ ಮಾತು ಕೇಳ್ತಾ ಕೈ ಕೆಲಸ ಬಿಟ್ಟೆ. ನೀನು ಮಾತಾಡಿದ್ದಲ್ಲ ತಪ್ಪು, ನಾನು ಕೇಳಿದ್ದು.”

ಕೊರಿನ್ ಕತ್ತರಿಯ ಆ ತೂತಿನ ಮೇಲೆ ತನ್ನ ಕಿರುಬೆರಳ ತುದಿ ಇಟ್ಟು ನೋಡಿದಳು. ಕಡಲೆಬೀಜವೂ ಹಾಯದಷ್ಟು ಸಣ್ಣ ತೂತು. ಬೈಯಲಿಲ್ಲ, ಅಳಲಿಲ್ಲ. ಸಂಜೆಯ ಪಾಳಿಯಲ್ಲಿ ಇನ್ನೊಬ್ಬಳ ಬದಲು ನಿಲ್ಲಬೇಕು ಎಂದು ಹೇಳಿ ಹೋದಳು. ಬೈದಿದ್ದರೆ ಆರ್ಡಿತ್ ತಡೆದುಕೊಳ್ಳುತ್ತಿದ್ದಳು. ಕಾರು ಧೂಳೆಬ್ಬಿಸಿಕೊಂಡು ಹೋಗಿ ಮರೆಯಾಗುವ ತನಕ ಬಾಗಿಲಲ್ಲಿ ನಿಂತು ನೋಡಿದಳು.

ಮರುದಿನ ಅವಳು ಪಕ್ಕದ ಮೈದಾನದಲ್ಲಿ ಇದೇ ಕೆಲಸ ಮಾಡುವ ರೂಬೆನ್ ಅರ್ವಿಸುವನ್ನು ಕರೆಸಿದಳು. ಅವನು ಇವಳ ಕೈಕೆಳಗೆ ಕಲಿತವನು, ಈಗ ಐವತ್ತರ ಗಡ್ಡದ ಗಂಡಸು, ಇವತ್ತಿಗೂ ದೋನ್ಯಾ ಎಂದು ಮರ್ಯಾದೆ ಸೇರಿಸಿಯೇ ಕರೆಯುವವನು. ಆದದ್ದನ್ನು ಹೇಳಿ, ಕಳೆದ ಆರು ತಿಂಗಳಲ್ಲಿ ನಾನು ಮುದ್ರೆ ಹಾಕಿದ ಚೀಲಗಳೆಲ್ಲವನ್ನೂ ವಾಪಸು ತರಿಸುತ್ತೇನೆ, ಒಂದೊಂದನ್ನೂ ನನ್ನ ಎದುರಿಗೆ ನೀನೇ ಬಿಚ್ಚಬೇಕು ಎಂದಳು.

“ಮೂವತ್ತನಾಲ್ಕು ವರ್ಷದಲ್ಲಿ ಒಂದು ತಪ್ಪು, ದೋನ್ಯಾ,” ಎಂದ. “ನಾನು ಆಗಲೇ ಎರಡು ಮಾಡಿದೀನಿ. ಸುಮ್ನೆ ಇರಿ.”

“ನಿನ್ನವೆರಡನ್ನ ಆಮೇಲೆ ಬೈತೀನಿ. ಮೊದಲು ಇವನ್ನ ಬಿಚ್ಚು.”

ಅವಳು ಎಲ್ಲರಿಗೂ ತಾನೇ ಫೋನು ಮಾಡಿ, ಕಾರಣವನ್ನೂ ತಾನೇ ಹೇಳಿದಳು. ಕೆಲವರು ರೇಗಿದರು, ಕೆಲವರು ಪರವಾಗಿಲ್ಲ ಬಿಡು ಎಂದರು, ಒಬ್ಬನಂತೂ ಶನಿವಾರದ ಹಾರಾಟ ತಪ್ಪಿತಲ್ಲ ಎಂದು ಗೊಣಗಿದ. ಅಂಥವರಿಗೆ ಏನು ಹೇಳುವುದು? ಐದು ದಿನ ಆ ಕೋಣೆಯಲ್ಲಿ ಐವತ್ತೊಂದು ಚೀಲಗಳು ಬಿಚ್ಚಿಕೊಂಡವು. ರೂಬೆನ್ ಬಿಚ್ಚುತ್ತಿದ್ದ, ಆರ್ಡಿತ್ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಪ್ರತಿಯೊಂದರಲ್ಲೂ ಕುಣಿಕೆ ಕತ್ತರಿಯ ಕಣ್ಣಿನ ನಟ್ಟನಡುವೆ ಇತ್ತು. ಪ್ರತಿ ಮಡಿಕೆ ನೇರ, ಪ್ರತಿ ದಾರ ಅದರದರ ಜಾಗದಲ್ಲಿ. ಇಷ್ಟು ಚೊಕ್ಕ ಕೆಲಸ ನನ್ನ ಕೈಲಿ ಇನ್ನೂ ಬಂದಿಲ್ಲ ಎಂದು ರೂಬೆನ್ ಮತ್ತೆ ಮತ್ತೆ ಹೇಳಿದ.

ಅವನಿಗೆ ತಿಳಿಯದ ಸಂಗತಿ ಇದು: ಮೂರನೆಯ ದಿನದಿಂದ ಆರ್ಡಿತ್ ಇನ್ನೊಂದಾದರೂ ತಪ್ಪು ಸಿಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಇನ್ನೊಂದು ಸಿಕ್ಕಿದ್ದರೆ ಕಣ್ಣು ಮಂಜಾಗಿದೆ, ವಯಸ್ಸಾಯಿತು ಎಂದುಕೊಳ್ಳಬಹುದಿತ್ತು. ವಯಸ್ಸಿನ ಮೇಲೆ ಹಾಕಿ ಹೇಗೋ ಬದುಕಬಹುದು. ಐವತ್ತೊಂದನೆಯದೂ ಸರಿಯಾಗಿದ್ದಾಗ ಆ ದಾರಿಯೂ ಮುಚ್ಚಿತು. ಅವಳಿಗೆ ಸಂಬಂಧವಿಲ್ಲದ ಐವತ್ತೊಂದು ಮಂದಿ ಅವಳ ಕೈಯಲ್ಲಿ ಕ್ಷೇಮವಾಗಿದ್ದರು. ಅವಳು ಪ್ರಾಣ ಇಟ್ಟುಕೊಂಡಿದ್ದ ಒಬ್ಬಳೇ ಒಬ್ಬಳು ಆರು ತಿಂಗಳು ಹಾಗೆ ಬಿದ್ದಿದ್ದಳು. ಪ್ರೀತಿಗೇ ಕೈ ತಪ್ಪಿದ್ದು ಎಂಬುದನ್ನು ಅವಳು ಯಾರ ಹತ್ತಿರ ಹೇಳಿಕೊಂಡಾಳು?

ಮುದ್ರೆ ಒತ್ತುವ ಇಕ್ಕುಳವನ್ನು ರೂಬೆನ್‌ನ ಕೈಗೆ ಕೊಟ್ಟು, ಇನ್ನು ಮೀಸಲು ಮಡಚುವುದಿಲ್ಲ, ಹರಿದದ್ದು ಹೊಲಿಯುತ್ತೇನೆ ಅಷ್ಟೇ ಎಂದಳು. ಅವನು ವಾದ ಮಾಡಿ ಸೋತು, ಗಡ್ಡ ನೆನೆಯುವಂತೆ ಅತ್ತು ಹೋದ.

ಒಂಬತ್ತನೆಯ ದಿನ ಕೊರಿನ್ ಬಂದಳು. ಆಲೂಗೆಡ್ಡೆಯ ಸಲಾಡ್ ಮಾಡಿಕೊಂಡು ಬಂದಿದ್ದಳು. ತನಗೆ ಕೋಪ ಇಲ್ಲವೆಂದೂ, ಹೇಳದೆ ಮುಚ್ಚಿಟ್ಟಿದ್ದರೆ ಕೋಪ ಬರುತ್ತಿತ್ತೆಂದೂ, ಮದುವೆಯಲ್ಲಿ ಅಮ್ಮನ ಜಾಗ ಆರ್ಡಿತ್‌ಳದೇ ಎಂದೂ ಹೇಳಿದಳು. ಹೇಳಿದ ಮಾತು ಸುಳ್ಳಲ್ಲ. ಅಡುಗೆಮನೆಗೆ ಮತ್ತೆ ಬರತೊಡಗಿದಳು, ಹುರುಳಿಕಾಯಿ ಬಿಡಿಸಿದಳು, ಹೋಟೆಲಿನ ಅಣಕ ಮಾಡಿದಳು. ಅವಳ ಮೀಸಲನ್ನು ಈಗ ರೂಬೆನ್ ಮಡಚುತ್ತಿದ್ದ. ಆರ್ಡಿತ್ ಮೊದಲಿನಂತೆಯೇ ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದಳು. ಬೇಸಿಗೆ ಹಾಗೇ ಕಳೆಯಿತು. ಎಲ್ಲ ಸರಿಹೋಯಿತು ಎಂದು ನಾವೆಲ್ಲ ಅಂದುಕೊಂಡೆವು, ಆರ್ಡಿತ್ ಸಹ ಹೆದರಿ ಹೆದರಿ ಹಾಗೆಯೇ ಅಂದುಕೊಂಡಳು.

ಅಕ್ಟೋಬರಿನ ಎರಡನೆಯ ಶನಿವಾರ ಮೈದಾನದ ವಿಮಾನದ ಶೆಡ್ಡಿನಲ್ಲೇ ಮದುವೆ. ವಿಮಾನವನ್ನು ಹೊರಗೆ ತಳ್ಳಿ ಕುರ್ಚಿ ಹಾಕಿದ್ದರು. ಹುಡುಗಿಯರು ಅಲಂಕಾರಕ್ಕೆ ಆರ್ಡಿತ್‌ಳ ಕೋಣೆಯನ್ನೇ ಹಿಡಿದಿದ್ದರು. ಕೊರಿನ್‌ಳ ಬಿಳಿ ಉಡುಪನ್ನು ಅಳತೆಗೆ ಸರಿಮಾಡಿದವಳು ಆರ್ಡಿತ್. ಬೆನ್ನ ಹಿಂದೆ ನಡುವಿನಿಂದ ಕುತ್ತಿಗೆಯ ತನಕ ಬಟ್ಟೆ ಸುತ್ತಿದ ಪುಟ್ಟ ಪುಟ್ಟ ಗುಂಡಿಗಳು, ಇಪ್ಪತ್ತೆರಡು. ಅವನ್ನು ಅಮ್ಮ ಹಾಕಬೇಕೆಂದು ಗೆಳತಿಯರು ಪಕ್ಕಕ್ಕೆ ಸರಿದರು. ಆರ್ಡಿತ್ ನೀಲಿ ಉಡುಪಿನಲ್ಲಿ ಬಗ್ಗಿ, ಕೆಳಗಿನಿಂದ ಶುರು ಮಾಡಿ, ಒಂದೊಂದಾಗಿ ಹಾಕುತ್ತ ಬಂದಳು. ಒಳಗೆ ಯಾರೋ ಏನೋ ತಮಾಷೆ ಮಾಡಿದರು, ಎಲ್ಲರೂ ನಕ್ಕರು. ಆರ್ಡಿತ್ ಕೇಳಿಸಿಕೊಳ್ಳಲಿಲ್ಲ. ಕೊನೆಯದನ್ನು ಹಾಕಿ, ಮತ್ತೆ ಕೆಳಗಿನಿಂದ ಮೇಲಿನ ತನಕ ಒಂದು ಸಲ ಮುಟ್ಟಿ ನೋಡಿ, “ಆಯ್ತು ಕಣೇ,” ಎಂದಳು.

ಕೊರಿನ್ ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕಳು. ಥ್ಯಾಂಕ್ಸ್ ಎಂದಳು. ಅಷ್ಟರಲ್ಲಿ ಅವಳ ಬಲಗೈ ತಾನಾಗಿಯೇ ಬೆನ್ನ ಹಿಂದೆ ಹೋಗಿ ಗುಂಡಿಗಳನ್ನು ಒಂದೊಂದಾಗಿ ತಡವಿತು. ಮೇಲಿನವು ಕೈಗೆ ಎಟುಕಲಿಲ್ಲ. ಪಕ್ಕದ ಗೆಳತಿಯ ಕಡೆ ತಿರುಗಿ, ಎಲ್ಲಾ ಸರಿಯಾಗಿ ಬಿದ್ದಿದೆಯಾ ಒಂದ್ಸಲ ನೋಡೇ ಎಂದಳು.

ಕೇಳಿದ ಮೇಲೆ ಅವಳಿಗೆ ತಾನು ಏನು ಕೇಳಿದೆನೆಂದು ಹೊಳೆಯಿತು. ಮುಖ ಕೆಂಪಗಾಗಿ, ಕಣ್ಣು ತುಂಬಿಬಂತು. “ಆರ್ಡಿತ್, ನಾನು ಹಾಗಲ್ಲ...” ಎಂದು ಶುರುಮಾಡಿದಳು.

“ಅಳ್ಬೇಡ, ಮುಖದ ಬಣ್ಣ ಹೋಗುತ್ತೆ,” ಎಂದಳು ಆರ್ಡಿತ್. “ನೋಡಿಸ್ಕೋಬೇಕು. ಒಳ್ಳೇದೇ ಮಾಡ್ದೆ.”

ಗೆಳತಿ ಮೇಲಿನಿಂದ ಕೆಳಗಿನ ತನಕ ನೋಡಿ ಎಲ್ಲ ಸರಿಯಾಗಿದೆ ಎಂದು ಹೇಳುವ ತನಕ ಆರ್ಡಿತ್ ಅಲ್ಲೇ ನಿಂತಿದ್ದಳು. ಆಮೇಲೆ ಶೆಡ್ಡಿಗೆ ಹೋಗಿ, ಮೊದಲ ಸಾಲಿನಲ್ಲಿ ಅಮ್ಮನಿಗೆಂದು ಬಿಟ್ಟಿದ್ದ ಕುರ್ಚಿಯಲ್ಲಿ ಕೂತಳು.